ಮೊಳಕೆಯ ಸಿರಿ

'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂಬ ಗಾದೆಯನ್ನು ತರಗತಿಯಲ್ಲಿ ವಿವರಿಸಿ ಬಂದ ದಿನವೇ ಅದರ ವಿಷಯದಲ್ಲಿ ನನಗೆ ಸಂಶಯವೊಂದು ಹುಟ್ಟಿತು. ಸಸ್ಯಶಾಸ್ತ್ರದ ಅಧ್ಯಾಪಕಮಿತ್ರರೊಬ್ಬರು ತಮ್ಮ ಪ್ರಯೋಗಶಾಲೆಯಲ್ಲಿ ಎರಡು ಗಾಜಿನ ತಟ್ಟೆಗಳನ್ನು ತೋರಿಸಿದರು. ಎರಡರಲ್ಲಿಯೂ ಬತ್ತದ ಸಸಿಗಳು. ಎರಡಕ್ಕೂ ಕ್ಯಾಡ್ಮಿಯಂ ಲವಣ ಬೆರೆತ ನೀರು. ಒಂದರಲ್ಲಿ ಬೇರು ಮೊಂಡಾಗಿ ಕಂದಿತ್ತು, ಎಲೆ ಬಿಳಿಚಿತ್ತು. ಇನ್ನೊಂದರಲ್ಲಿ ಹಸುರು ಬಹುಮಟ್ಟಿಗೆ ಉಳಿದಿತ್ತು. ಆ ಬೀಜಗಳನ್ನು ಬಿತ್ತುವ ಮುನ್ನ ಸ್ಯಾಲಿಸಿಲಿಕ್ ಆಮ್ಲದ ತೆಳು ದ್ರಾವಣದಲ್ಲಿ ನೆನೆಯಿಟ್ಟಿದ್ದರಂತೆ, ವ್ಯತ್ಯಾಸ ಅಷ್ಟೆ.

ಈ ಆಮ್ಲವು ಗಿಡದ ಒಡಲಿನಲ್ಲಿಯೇ ಹುಟ್ಟುವ ಹಾರ್ಮೋನುಗಳಲ್ಲೊಂದು. 1905ರಲ್ಲಿ ಸ್ಟಾರ್ಲಿಂಗ್ ಎಂಬ ಶರೀರವಿಜ್ಞಾನಿ ಬಳಕೆಗೆ ತಂದ ಈ ಗ್ರೀಕ್ ಮೂಲದ ಪದಕ್ಕೆ 'ಪ್ರಚೋದಿಸುವುದು' ಎಂದರ್ಥ; ನಮ್ಮ 'ಚೋದಕ' ಎಂಬ ಮಾತು ಅದಕ್ಕೆ ಸೊಗಸಾಗಿ ಹೊಂದುತ್ತದೆ. ಚೋದಕವು ತಾನು ಕೆಲಸ ಮಾಡುವುದಿಲ್ಲ, ಮಾಡಿಸುತ್ತದೆ.

ಕ್ಯಾಡ್ಮಿಯಂ ಗಿಡಕ್ಕೆ ಬೇಡದ ಅತಿಥಿ. ಕಬ್ಬಿಣ, ಮ್ಯಾಂಗನೀಸ್, ಸತುವುಗಳಿಗೆಂದು ಬೇರು ತೆರೆದಿಟ್ಟ ಬಾಗಿಲಿನಿಂದಲೇ ಅದು ಒಳನುಗ್ಗುತ್ತದೆ. ಒಳಗೆ ಹೈಡ್ರೋಜನ್ ಪೆರಾಕ್ಸೈಡಿನಂತಹ ಉಗ್ರ ವಸ್ತುಗಳು ಹೆಚ್ಚಿ ಜೀವಕೋಶದ ಪೊರೆಯನ್ನೂ ಎಲೆಯ ಹಸುರನ್ನೂ ಕೆಡಿಸುತ್ತವೆ. ಗಿಡವೂ ಸುಮ್ಮನಿರುವುದಿಲ್ಲ. ಆ ಉಗ್ರತೆಯನ್ನು ತಣಿಸುವ ಕಿಣ್ವಗಳು ಅದಕ್ಕುಂಟು. ಲೋಹವನ್ನು ಬಿಗಿದು ರಸದಾನಿಯಲ್ಲಿ ಕೂಡಿಹಾಕುವ ಫೈಟೋಕೆಲಾಟಿನ್‌ಗಳೂ ಉಂಟು. ಬೀಜಕ್ಕೆ ಮೊದಲೇ ದೊರೆತ ಚೋದಕವು ಈ ರಕ್ಷಣೆಯನ್ನು ಸಕಾಲದಲ್ಲಿ ಎಚ್ಚರಿಸುತ್ತದೆ. 1979ರಲ್ಲಿ ಸಾಸಿವೆಯ ಕುಲದ ಗಿಡವೊಂದರ ಪರಾಗದಿಂದ ಬೇರ್ಪಡಿಸಿದ ಬ್ರಾಸಿನೊಲೈಡಿನ ಬಳಗಕ್ಕೂ ಇಂತಹ ಗುಣವಿದೆ.

ಆದರೆ ಅಳತೆ ಮೀರಬಾರದು. ಬತ್ತದ ಸಸಿಗಳು ವಿಪರೀತ ನೀಳವಾಗಿ ಬೆಳೆದು ಸೊರಗುವ ರೋಗವನ್ನು ಜಪಾನೀಯರು 'ಮರುಳು ಸಸಿ' ಎಂದು ಕರೆದರು. ಅದು ಶಿಲೀಂಧ್ರವೊಂದು ಸ್ರವಿಸುವ ವಸ್ತುವಿನ ಫಲವೆಂದು ಕುರೊಸಾವ ಅವರು 1926ರಲ್ಲಿ ತೋರಿಸಿದರು. ಆ ವಸ್ತುವೇ ಜಿಬ್ಬರೆಲಿನ್. ಮಿತವಾಗಿದ್ದರೆ ಬೆಳೆಸುವ ಚೋದಕ, ಅತಿಯಾದರೆ ಕೇಡು.

ಜಪಾನಿನ ಮತ್ತೊಂದು ಕಥೆ ಇದಕ್ಕಿಂತ ಕರುಣಾಜನಕವಾದುದು. ತೊಯಾಮ ಪ್ರಾಂತದ ಜಿನ್‌ಜು ನದಿಗೆ ಮೇಲಣ ಕಮಿಯೊಕ ಗಣಿಯಿಂದ ಕ್ಯಾಡ್ಮಿಯಂ ಹರಿದುಬಂದು ಗದ್ದೆಗಳನ್ನು ಸೇರಿತು. ಆ ಅನ್ನವನ್ನುಂಡವರ, ಅದರಲ್ಲಿಯೂ ಹಲವು ಮಕ್ಕಳನ್ನು ಹೆತ್ತ ವಯಸ್ಸಾದ ಹೆಂಗಸರ, ಮೂತ್ರಪಿಂಡಗಳು ಕೆಟ್ಟು ಎಲುಬುಗಳು ಮುರಿಯತೊಡಗಿದವು. ರೋಗದ ಹೆಸರೇ 'ಇತಾಯ್-ಇತಾಯ್'. ಎಂದರೆ 'ನೋವು, ನೋವು'. ಒಂದು ನರಳಾಟವೇ ನಿಘಂಟನ್ನು ಸೇರಿದ ಬಗೆ ಇದು. 1968ರಲ್ಲಿ ಅಲ್ಲಿನ ಸರಕಾರ ಇದನ್ನು ಮಾಲಿನ್ಯಜನ್ಯ ರೋಗವೆಂದು ಒಪ್ಪಿತು. ಕೆಟ್ಟ ಗದ್ದೆಗಳ ಮಣ್ಣನ್ನು ಸರಿಪಡಿಸುವ ಕೆಲಸ ಮುಗಿದುದು 2012ರಲ್ಲಿ.

ಆ ಗದ್ದೆಗಳಲ್ಲಿಯೂ ಬತ್ತ ಬೆಳೆದಿತ್ತು, ತೆನೆ ಬಿಟ್ಟಿತ್ತು ಎಂಬುದನ್ನು ನೆನೆದಾಗ ಎರಡನೆಯ ತಟ್ಟೆಯ ಹಸುರು ನನ್ನನ್ನು ಅಳುಕಿಸಿತು. ಮಿತ್ರರನ್ನು ಕೇಳಿದೆ. ಅವರು ಮುಚ್ಚುಮರೆಯಿಲ್ಲದೆ ಹೇಳಿದರು: ಕೆಲವು ಪ್ರಯೋಗಗಳಲ್ಲಿ ಚೋದಕದಿಂದ ಲೋಹ ಮೇಲೇರುವುದೇ ತಗ್ಗುತ್ತದೆ, ಕೆಲವದರಲ್ಲಿ ಗಿಡದ ಸಂಕಟ ಮಾತ್ರ ತಗ್ಗುತ್ತದೆ, ಲೋಹ ಒಳಗೇ ಉಳಿಯುತ್ತದೆ. ಚೋದಕವು ಮಣ್ಣನ್ನಂತೂ ತೊಳೆಯಲಾರದು.

ಮರುದಿನ ತರಗತಿಯಲ್ಲಿ ಈ ಎರಡು ತಟ್ಟೆಗಳ ಕಥೆಯನ್ನು ಹೇಳಿದೆ. ಹಿಂದಿನ ಬೆಂಚಿನಿಂದ ಒಕ್ಕಲು ಮನೆತನದ ಹುಡುಗನೊಬ್ಬ ಎದ್ದು, "ಸಾರ್, ಯಾವ ತಟ್ಟೆಯ ಪೈರಿನ ಅಕ್ಕಿಯನ್ನು ನಾವು ಉಣ್ಣಬಹುದು?" ಎಂದು ಕೇಳಿದ. ಪಾಲಿಷ್ ಮಾಡಿದ ಅಕ್ಕಿಯ ಒಂದು ಕಿಲೋಗ್ರಾಮಿನಲ್ಲಿ 0.4 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಡ್ಮಿಯಂ ಇರಕೂಡದೆಂದು ಅಂತರರಾಷ್ಟ್ರೀಯ ಆಹಾರ ಸಂಹಿತೆ ವಿಧಿಸಿದೆ. ಕಾಳನ್ನು ಪರೀಕ್ಷಿಸಿ ಅದನ್ನು ತಿಳಿಯುವವರೆಗೆ ಎರಡನ್ನೂ ಉಣ್ಣಲಾಗದೆಂದೆ. ಆತ ಒಪ್ಪಿ ಕುಳಿತ. ಗಾದೆಯನ್ನು ನಾನು ಕಪ್ಪುಹಲಗೆಯಿಂದ ಅಳಿಸಲಿಲ್ಲ. ಅದರ ಕೆಳಗೆ 'ಮಣ್ಣನ್ನೂ ಕೇಳು' ಎಂದು ಬರೆದೆ.