ಮಲಪ್ರಭೆಯ ದಂಡೆಗೆ ಆಸ್ಪರಾಗಸ್ ಬಂದೀತೇ?

ಪಟ್ಟದಕಲ್ಲು: ಬನಶಂಕರಿ ಜಾತ್ರೆಗೆ ಮುಂಚೆ ‘ಪಲ್ಲೇದ ಹಬ್ಬ’ ಬರುತ್ತದೆ. ಅಂದು ಶಾಕಾಂಬರಿ ತಾಯಿಗೆ 108 ಬಗೆಯ ಪಲ್ಲೆಯ ನೈವೇದ್ಯ. ಪಲ್ಲೆಗೆ ಇಷ್ಟು ಮರ್ಯಾದೆ ಕೊಡುವ ಸೀಮೆ ನಮ್ಮದು. ಆದರೂ ಒಂದು ಪಲ್ಲೆ ನಮಗಿನ್ನೂ ಪರದೇಶಿಯೇ. ಅದು ಆಸ್ಪರಾಗಸ್.

‘ಅದೇನ್ರೀ, ಹಸರ ಕಡ್ಡಿಯಂಥಾದ್ದು, ದೊಡ್ಡ ಹೋಟೆಲ್‌ನ್ಯಾಗ ಕೊಡ್ತಾರಲ್ಲಾ?’ ಎಂದು ಕೇಳುವಿರಾ? ಹೌದು, ಅದೇ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ನಮ್ಮೂರ ಗುಡಿಗಳನ್ನು ನೋಡಲು ಬರುವ ಯುರೋಪಿನವರಿಗೆ ಅದು ಮನೆಯ ಪಲ್ಲೆ. ಅದರ ದಾಯಾದಿ ಮಾತ್ರ ನಮ್ಮ ಬಯಲು ಸೀಮೆಯ ಕುರುಚಲಲ್ಲೇ ಮುಳ್ಳುಬಳ್ಳಿಯಾಗಿ ಹಬ್ಬುತ್ತದೆ. ಅದೇ ಶತಾವರಿ, ಅರ್ಥಾತ್ ‘ಹಲವು ಮಕ್ಕಳ ತಾಯಿ’. ಬುಡ ಅಗೆದರೆ ಗೊಂಚಲು ಗೊಂಚಲು ಗಡ್ಡೆಬೇರು. ಅದಕ್ಕೇ ಆ ಹೆಸರು. ಬಾಣಂತಿಯ ಎದೆಹಾಲಿಗೆಂದು ಹಿರಿಯರು ಕೊಡುತ್ತಿದ್ದ ಔಷಧಿ ಇದೇ.

ಮೂರು ವರ್ಷ ತಾಳ್ಮೆ ಬೇಕು

ಆಸ್ಪರಾಗಸ್‌ನಲ್ಲಿ ತಿನ್ನುವುದು ನೆಲದಿಂದ ಏಳುವ ಎಳೆ ಮೊಳಕೆಯನ್ನು. ನೆಟ್ಟ ಮರುವರ್ಷವೇ ಕೊಯ್ದರೆ ಬುಡ ಸೊರಗುತ್ತದೆ. ಮೂರನೆಯ ವರ್ಷದಿಂದ, ಅದೂ ವರ್ಷಕ್ಕೆ ಆರೆಂಟು ವಾರ ಮಾತ್ರ ಪೂರ್ತಿ ಕೊಯ್ಲು. ಉಳಿದ ಮೊಳಕೆ ಗರಿಬಿಚ್ಚಿ ಪೊದೆಯಾಗಿ, ಬೇರಿಗೆ ಮುಂದಿನ ವರ್ಷದ ಬುತ್ತಿ ಕಟ್ಟಬೇಕು. ಜರ್ಮನಿಯ ರೈತರು ಜೂನ್ 24ಕ್ಕೆ ಕತ್ತಿ ಕೆಳಗಿಡುವುದು ಇದಕ್ಕಾಗಿಯೇ. ಹೀಗೆ ಸಾಕಿದರೆ ಒಂದೇ ಮಡಿ ಹತ್ತು ಹದಿನೈದು ವರ್ಷ ಫಲ ಕೊಡುತ್ತದೆ. ಮಣ್ಣು ಏರಿಸಿ ಬಿಸಿಲು ತಪ್ಪಿಸಿದರೆ ಮೊಳಕೆ ಬಿಳಿ, ಬಿಸಿಲಿಗೆ ಬಿಟ್ಟರೆ ಹಸಿರು. ಕೆಂಪು ಹಣ್ಣು ಬಿಡುವುದು ಹೆಣ್ಣು ಗಿಡ. ಆ ಹಣ್ಣು ತಿನ್ನತಕ್ಕದ್ದಲ್ಲ.

ಹಾಗಾದರೆ ಇಲ್ಲಿ ಬೆಳೆದೀತೇ? ಅವಸರ ಬೇಡ. ಅದಕ್ಕೆ ನೀರು ಬಸಿಯುವ ಮರಳುಗೂಡಿದ ನೆಲ ಬೇಕು. ಎರೆಹೊಲದಲ್ಲಿ ನೀರು ನಿಂತರೆ ಬುಡ ಕೊಳೆಯುತ್ತದೆ. ಚಳಿಗಾಲದ ವಿಶ್ರಾಂತಿ ಸಿಕ್ಕರೆ ಇನ್ನೂ ಒಳ್ಳೆಯದು. ನಮ್ಮ ಬಿಸಿಲಿನಲ್ಲಿ ಅದು ದೊರೆಯುವುದು ಕಷ್ಟ. ಮೇಲಾಗಿ 2009 ಮತ್ತು 2019ರಲ್ಲಿ ಮಲಪ್ರಭೆ ಉಕ್ಕಿದ್ದನ್ನು ದಂಡೆಯವರು ಮರೆತಿಲ್ಲ. ಹದಿನೈದು ವರ್ಷದ ಮಡಿಗೆ ಒಂದು ಮಹಾಪೂರ ಸಾಕು.

ಮನೆಯ ತಾಯಿಯನ್ನು ಉಳಿಸಿರಿ

ನಮ್ಮ ಮಣ್ಣು, ನಮ್ಮ ಬಿಸಿಲು ಬಲ್ಲ ಶತಾವರಿಯ ಕಥೆ ಬೇರೆ. ನೇಪಾಳದಲ್ಲಿ ಅದರ ಎಳೆಕುಡಿಯನ್ನು ‘ಕುರಿಲೊ’ ಎಂದು ಪಲ್ಲೆ ಮಾಡುತ್ತಾರೆ. ಆದರೆ ಮೊಳಕೆ ಕೊಯ್ದರೆ ಗಿಡ ಉಳಿಯುತ್ತದೆ. ಬೇರಿನ ಆಸೆಗೆ ಬುಡಸಹಿತ ಕಿತ್ತರೆ ಗಿಡವೇ ಇಲ್ಲ. ಔಷಧಿ ಅಂಗಡಿಗೆ ಬೇರು ಬೇಕೆಂದು ಗುಡ್ಡ ಬರಿದು ಮಾಡುವ ಬದಲು ಬೀಜ ಬಿತ್ತಿ ಬದುವಿನಲ್ಲಿ ಬೆಳೆಯಬಹುದು. ಕಾಡಿನಲ್ಲಿ ಅಗೆಯುವವರೂ ಕೆಲವು ಗಡ್ಡೆ ತೆಗೆದು, ಬುಡವನ್ನು ಮತ್ತೆ ಮಣ್ಣಿಗೆ ಸೇರಿಸಬಹುದು.

2008ರಿಂದ ಬಾಗಲಕೋಟೆಯಲ್ಲೇ ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಹೊಸ ಬೆಳೆಗೆ ಎಕರೆಗಟ್ಟಲೆ ಹೊಲ ಒಪ್ಪಿಸುವ ಮುನ್ನ ರೈತ ಬಾಂಧವರು ಅಲ್ಲಿ ವಿಚಾರಿಸಲಿ. ಕೊಳ್ಳುವವರು ಯಾರೆಂದೂ ಮೊದಲೇ ಕೇಳಿಕೊಳ್ಳಲಿ. ಹೊರಗಿನ ಬೀಗರನ್ನು ಕರೆಯೋಣ, ತಪ್ಪಿಲ್ಲ. ಹಲವು ಮಕ್ಕಳ ತಾಯಿಯನ್ನು ಮಾತ್ರ ಮನೆಯಿಂದ ಹೊರಹಾಕುವುದು ಬೇಡ.