ಗೊತ್ತಿದ್ದರೂ ಅಂಕ ಸಿಗದ ಸಮಾಜ ವಿಜ್ಞಾನ

ಕ್ರಿಸ್ಮಸ್ ಪರೀಕ್ಷೆಯ ಉತ್ತರ ಪತ್ರಿಕೆಗಳು ಮನೆಗೆ ಬಂದಾಗ ಹೆತ್ತವರಾದ ನಾವು ಮೊದಲು ನೋಡುವುದು ಗಣಿತ ಮತ್ತು ಇಂಗ್ಲಿಷಿನ ಅಂಕಗಳನ್ನು. ಸಮಾಜ ವಿಜ್ಞಾನದಲ್ಲಿ ಕಡಿಮೆ ಬಂದರೆ, "ಇದರಲ್ಲಿ ಕಷ್ಟ ಏನಿದೆ? ಬಾಯಿಪಾಠ ಮಾಡಿದರೆ ಸಾಕಲ್ಲ!" ಎಂದು ಗದರಿಸಿ ಬಿಡುತ್ತೇವೆ.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಧರ್ಮಕೇಂದ್ರದ ಸಭಾಭವನದಲ್ಲಿ ಸಂಜೆ ಪಾಠ ಹೇಳಿಕೊಡುವ ನಾವು ಕೆಲವು ಶಿಕ್ಷಕರು ಹಲವು ವರ್ಷಗಳಿಂದ ಇಂತಹ ಪತ್ರಿಕೆಗಳನ್ನು ನೋಡುತ್ತಾ ಬಂದಿದ್ದೇವೆ. ನಮಗೆ ಕಂಡದ್ದು ಬೇರೆಯೇ. ಅಂಕ ಕಳೆದುಕೊಂಡ ಅನೇಕ ಮಕ್ಕಳಿಗೆ ಪಾಠ ಗೊತ್ತಿರುತ್ತದೆ. ಕೇಳಿದ್ದಕ್ಕೆ ಉತ್ತರ ಬರೆಯಲು ಮಾತ್ರ ಗೊತ್ತಿರುವುದಿಲ್ಲ.

ಒಂದು ಭಾನುವಾರ ಪೂಜೆ ಮುಗಿದ ಮೇಲೆ ತಾಯಿಯೊಬ್ಬರು ಹತ್ತನೇ ತರಗತಿಯ ಮಗನನ್ನು ಕರೆದುಕೊಂಡು ಬಂದರು. 80ರಲ್ಲಿ 27 ಅಂಕ. "ಇವನ ತಲೆಗೆ ಏನೂ ಹೋಗುವುದಿಲ್ಲ ಟೀಚರ್. ಹತ್ತು ಮುಗಿದ ಕೂಡಲೇ ಕೆಲಸಕ್ಕೆ ಹಾಕುತ್ತೇನೆ ಎನ್ನುತ್ತಿದ್ದಾರೆ ಇವನ ಅಪ್ಪ" ಎಂದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ.

ಪತ್ರಿಕೆಯಲ್ಲಿ 'ಗಾಂಧೀಜಿಯವರು ಹೋರಾಟಕ್ಕೆ ಉಪ್ಪನ್ನೇ ಏಕೆ ಆರಿಸಿಕೊಂಡರು?' ಎಂಬ ಪ್ರಶ್ನೆಯಿತ್ತು. ಅವನು ಬರೆದದ್ದು: 'ಗಾಂಧೀಜಿಯವರು ನಮ್ಮ ರಾಷ್ಟ್ರಪಿತ. ಅವರು ದೇಶಕ್ಕಾಗಿ ಹೋರಾಡಿದರು. ದಂಡಿಗೆ ಹೋದರು.' ಸಿಕ್ಕಿದ್ದು ಅರ್ಧ ಅಂಕ. ಅದೇ ಪ್ರಶ್ನೆಯನ್ನು ನಾವು ಕೊಂಕಣಿಯಲ್ಲಿ ಕೇಳಿದೆವು. ಹುಡುಗ ತಲೆಯೆತ್ತಿದ. ಉಪ್ಪು ಬಡವನ ಗಂಜಿಗೂ ಬೇಕು, ಅದಕ್ಕೂ ತೆರಿಗೆ ಇತ್ತು, ಸಮುದ್ರದ ನೀರಿನಿಂದ ನಾವೇ ಉಪ್ಪು ಮಾಡಿಕೊಂಡರೆ ಅದೂ ಅಪರಾಧವಾಗಿತ್ತು, ಆದ್ದರಿಂದ ಉಪ್ಪೆಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು ಎಂದೆಲ್ಲ ತಡವರಿಸದೆ ಹೇಳಿದ. ಅವನು ಹೇಳಿದ್ದನ್ನೇ ಬರೆದಿದ್ದರೆ ಪೂರ್ಣ ಅಂಕ ಸಿಗುತ್ತಿತ್ತು. ತಾಯಿ ಮಗನ ಮುಖವನ್ನೇ ನೋಡುತ್ತಾ ನಿಂತರು.

ನಮ್ಮ ಅನೇಕ ಮನೆಗಳಲ್ಲಿ ಮಾತು ಕೊಂಕಣಿ, ಅಂಗಳ ದಾಟಿದರೆ ತುಳು, ಬಸ್ಸಿನಲ್ಲೂ ಕಚೇರಿಯಲ್ಲೂ ಮಲಯಾಳ, ಪುಸ್ತಕದಲ್ಲಿ ಕನ್ನಡ. ಮಕ್ಕಳ ತಲೆಯಲ್ಲಿರುವ ವಿಷಯ ಕನ್ನಡದ ವಾಕ್ಯವಾಗಿ ಕಾಗದದ ಮೇಲೆ ಇಳಿಯಬೇಕಾದರೆ ಅಭ್ಯಾಸ ಬೇಕು. ಅದಿಲ್ಲದೆ ಆಗುವ ತಪ್ಪುಗಳಲ್ಲಿ ಮುಖ್ಯವಾದವು ಇವು:

1. ಪ್ರಶ್ನೆಯ ಕೊನೆಯ ಪದವನ್ನು ಓದದಿರುವುದು

'1857ರ ದಂಗೆಗೆ ಕಾರಣಗಳೇನು?' ಎಂದು ಕೇಳಿದರೆ ಮಕ್ಕಳು ದಂಗೆಯ ಕಥೆಯನ್ನೇ ಬರೆಯುತ್ತಾರೆ. ಮಂಗಲ್ ಪಾಂಡೆ ಬರುತ್ತಾನೆ, ಝಾನ್ಸಿ ರಾಣಿ ಕುದುರೆ ಏರುತ್ತಾಳೆ, ಎರಡು ಪುಟ ತುಂಬುತ್ತದೆ. ಕೇಳಿದ್ದು ಕಾರಣ. ದತ್ತು ಮಗನಿಗೆ ರಾಜ್ಯದ ಹಕ್ಕಿಲ್ಲವೆಂದು ಡಾಲ್‌ಹೌಸಿ ಸಂಸ್ಥಾನಗಳನ್ನು ಕಬಳಿಸಿದ್ದು, 1856ರಲ್ಲಿ ಔಧ್ ರಾಜ್ಯವನ್ನು ಸೇರಿಸಿಕೊಂಡದ್ದು, ರೈತರ ಮೇಲಿನ ಕಂದಾಯದ ಹೊರೆ, ಸಿಪಾಯಿಗಳ ಅಸಮಾಧಾನ, ಕೊಬ್ಬು ಸವರಿದ ತೋಟಾಗಳು - ಇಷ್ಟು ಅಂಶಗಳು ಅರ್ಧ ಪುಟದಲ್ಲಿ ಬಂದರೆ ಸಾಕು. 'ಕಾರಣ', 'ಪರಿಣಾಮ', 'ಹೋಲಿಸಿ', 'ಸಮರ್ಥಿಸಿ' - ಇವು ಬೇರೆ ಬೇರೆ ಕೆಲಸಗಳು. ಆ ಪದದ ಅಡಿಗೆ ಮೊದಲು ಒಂದು ಗೆರೆ ಎಳೆಯಲಿ.

2. ಯಾರಿಗೂ ಹೊಂದುವ ಮಾತು

'ದೇಶಕ್ಕಾಗಿ ಹೋರಾಡಿದರು' ಎಂಬ ವಾಕ್ಯ ಯಾವ ನಾಯಕರಿಗೂ ಹೊಂದುತ್ತದೆ. ಅದಕ್ಕೆ ಅಂಕವಿಲ್ಲ. '1930ರ ಮಾರ್ಚ್ 12ರಂದು ಸಾಬರಮತಿಯಿಂದ 78 ಮಂದಿಯೊಂದಿಗೆ ಹೊರಟು, ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪಿನ ಕಾನೂನು ಮುರಿದರು' ಎಂಬುದು ಉತ್ತರ. ಅದೇ ಏಪ್ರಿಲ್ ತಿಂಗಳಲ್ಲಿ ಕೆ. ಕೇಳಪ್ಪನ್ ಅವರು ಕೋಝಿಕ್ಕೋಡಿನಿಂದ ನಡೆದು ಬಂದು, ನಮ್ಮ ಜಿಲ್ಲೆಯ ಗಡಿಯಾಚೆಗೇ ಇರುವ ಪಯ್ಯನ್ನೂರಿನಲ್ಲಿ ಉಪ್ಪು ತಯಾರಿಸಿದರು. ರೈಲಿನಲ್ಲಿ ಆ ಊರನ್ನು ದಾಟುವಾಗ ಮಕ್ಕಳಿಗೆ ಇದನ್ನು ಹೇಳಿ ನೋಡಿ. ಅವರು ಮರೆಯುವುದಿಲ್ಲ.

3. ಕೊಂಡಿ ತಪ್ಪಿದ ಇಸವಿಗಳು

ಇಸವಿಗಳನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡಿದರೆ ಅವು ಪರೀಕ್ಷೆಯ ದಿನ ಅದಲುಬದಲಾಗುತ್ತವೆ. 1919ರ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದಿಂದ ಜನ ರೊಚ್ಚಿಗೆದ್ದರು. 1920ರಲ್ಲಿ ಅಸಹಕಾರ ಚಳವಳಿ ಆರಂಭವಾಯಿತು. 1922ರಲ್ಲಿ ಚೌರಿ ಚೌರಾದಲ್ಲಿ ಪೊಲೀಸ್ ಠಾಣೆಗೆ ಬೆಂಕಿ ಬಿದ್ದು ಪೊಲೀಸರು ಸತ್ತರು. ಆದ್ದರಿಂದ ಗಾಂಧೀಜಿ ಚಳವಳಿಯನ್ನು ನಿಲ್ಲಿಸಿದರು. ಹೀಗೆ ಒಂದಕ್ಕೊಂದು ಪೋಣಿಸಿದರೆ ಇಸವಿಗಳು ತಾವಾಗಿಯೇ ನಿಲ್ಲುತ್ತವೆ. 'ಆದ್ದರಿಂದ', 'ಇದರ ಫಲವಾಗಿ' ಎಂಬ ಪದಗಳು ಕಡಿಮೆ ಅಂಕದ ಪತ್ರಿಕೆಗಳಲ್ಲಿ ಬಹಳ ವಿರಳ.

4. ಹೋಲಿಕೆ ಇಲ್ಲದ ಹೋಲಿಕೆ

ಮೂಲಭೂತ ಹಕ್ಕುಗಳಿಗೂ ನಿರ್ದೇಶಕ ತತ್ವಗಳಿಗೂ ಇರುವ ವ್ಯತ್ಯಾಸ ಕೇಳಿದರೆ ಮೊದಲು ಹಕ್ಕುಗಳ ಪಟ್ಟಿ, ಆಮೇಲೆ ತತ್ವಗಳ ಪಟ್ಟಿ ಬರುತ್ತದೆ. ಎರಡು ಅಂಕಣ ಹಾಕಿ ಎದುರುಬದುರು ಬರೆಯಬೇಕು. ಅದು ಸಂವಿಧಾನದ ಮೂರನೇ ಭಾಗ, ಇದು ನಾಲ್ಕನೇ ಭಾಗ. ಹಕ್ಕಿಗೆ ಧಕ್ಕೆಯಾದರೆ ನ್ಯಾಯಾಲಯಕ್ಕೆ ಹೋಗಬಹುದು, ತತ್ವವನ್ನು ಜಾರಿ ಮಾಡಿ ಎಂದು ನ್ಯಾಯಾಲಯದಲ್ಲಿ ಒತ್ತಾಯಿಸಲಾಗದು.

5. ಲೆಕ್ಕ ತೋರಿಸದಿರುವುದು, ನಕ್ಷೆಗೆ ಹೆದರುವುದು

'ಗ್ರೀನಿಚ್‌ಗಿಂತ ನಮ್ಮ ಸಮಯ ಐದೂವರೆ ಗಂಟೆ ಮುಂದೆ' ಎಂದಷ್ಟೇ ಬರೆದರೆ ಸಾಲದು. ನಮ್ಮ ಪ್ರಮಾಣ ರೇಖಾಂಶ ಪೂರ್ವ 82½ ಡಿಗ್ರಿ. ಒಂದು ಡಿಗ್ರಿಗೆ 4 ನಿಮಿಷ. ಗುಣಿಸಿದರೆ 330 ನಿಮಿಷ, ಅಂದರೆ 5 ಗಂಟೆ 30 ನಿಮಿಷ. ಈ ಮೆಟ್ಟಿಲುಗಳನ್ನು ತೋರಿಸಬೇಕು. ನಕ್ಷೆಯಲ್ಲಿ ನರ್ಮದೆಯನ್ನು ಬಂಗಾಳ ಕೊಲ್ಲಿಗೆ ಹರಿಸಿದ ಮಕ್ಕಳೂ ಇದ್ದಾರೆ! ದಿನಕ್ಕೆ ಐದು ನಿಮಿಷ ಪೆನ್ಸಿಲ್ ಹಿಡಿದು ಅಭ್ಯಾಸ ಮಾಡಿದರೆ ಈ ಅಂಕಗಳು ಕೈಬಿಡುವುದಿಲ್ಲ.

6. ಸಮಯ ಹಂಚಿಕೊಳ್ಳದಿರುವುದು

ಎರಡು ಅಂಕದ ಪ್ರಶ್ನೆಗೆ ಒಂದು ಪುಟ, ಆರು ಅಂಕದ ಪ್ರಶ್ನೆಗೆ ಕೊನೆಯಲ್ಲಿ ಮೂರು ಸಾಲು. ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಆರಂಭದಲ್ಲಿ ಬರೆಯದೆ ಓದುವುದಕ್ಕೆಂದೇ 15 ನಿಮಿಷದ ಕೂಲ್ ಆಫ್ ಟೈಮ್ ಇದೆ. ಅನೇಕರು ಅದನ್ನು ಕಿಟಕಿಯ ಹೊರಗೆ ನೋಡುತ್ತಾ ಕಳೆಯುತ್ತಾರೆ. ಯಾವ ಪ್ರಶ್ನೆಗೆ ಎಷ್ಟು ಬರೆಯಬೇಕು, ಯಾವುದನ್ನು ಮೊದಲು ಬರೆಯಬೇಕು ಎಂದು ನಿರ್ಧರಿಸುವ ಸಮಯ ಅದು.

ಹೆತ್ತವರು ಏನು ಮಾಡಬಹುದು?

ನೀವು ಸಮಾಜ ವಿಜ್ಞಾನ ಕಲಿತಿರಬೇಕೆಂದಿಲ್ಲ. ರಾತ್ರಿ ಜಪಸರ ಮುಗಿದ ಮೇಲೆ ಹತ್ತು ನಿಮಿಷ ಮಗುವಿನ ಬಳಿ ಕುಳಿತು, "ಇವತ್ತಿನ ಪಾಠ ಏನು, ಹೇಳು" ಎಂದರೆ ಸಾಕು. ಮನೆಮಾತಿನಲ್ಲಿಯೇ ಹೇಳಲಿ. "ಹಾಗೆ ಏಕೆ ಆಯಿತು? ಆಮೇಲೆ ಏನಾಯಿತು?" ಎಂದು ನಡುವೆ ಕೇಳಿ. ಕೊನೆಗೆ, "ಈಗ ಹೇಳಿದ್ದನ್ನು ಕನ್ನಡದಲ್ಲಿ ಐದು ಸಾಲು ಬರೆ" ಎನ್ನಿ. ಪತ್ರಿಕೆ ಬಂದ ದಿನ ಅಂಕಕ್ಕಿಂತ ಮೊದಲು ಪ್ರಶ್ನೆಯನ್ನು ಓದಿ, ಉತ್ತರ ಅದಕ್ಕೆ ಹೊಂದುತ್ತದೆಯೇ ಎಂದು ಇಬ್ಬರೂ ಸೇರಿ ನೋಡಿ. ಪಕ್ಕದ ಮನೆಯ ಮಗುವಿನ ಅಂಕವನ್ನು ದಯವಿಟ್ಟು ನಡುವೆ ತರಬೇಡಿ.

ಆ ಹುಡುಗ ಮರುದಿನದಿಂದ ಸಂಜೆಯ ಪಾಠಕ್ಕೆ ಬಂದ. ಮೊದಲು ಹೇಳುವುದು, ಆಮೇಲೆ ಬರೆಯುವುದು - ಇಷ್ಟನ್ನೇ ಮಾಡಿಸಿದೆವು. ಮಾರ್ಚ್ ಪರೀಕ್ಷೆಯಲ್ಲಿ ಅವನಿಗೆ ಎ ಪ್ಲಸ್ ಏನೂ ಬರಲಿಲ್ಲ, ಬಿ ಬಂತು. ಕೆಲಸಕ್ಕೆ ಹಾಕುವ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ. ತಂದೆಯೇ ಅವನನ್ನು ಕರೆದುಕೊಂಡು ಹೋಗಿ ಪ್ಲಸ್ ಒನ್‌ಗೆ ಅರ್ಜಿ ಹಾಕಿದರು.

ಮಗುವಿಗೆ ತಲೆಯಿಲ್ಲ ಎಂದು ತೀರ್ಮಾನಿಸುವ ಮೊದಲು ಒಮ್ಮೆ ಅದರ ಬಾಯಿಂದ ಉತ್ತರ ಕೇಳೋಣ.