ಬೊಜ್ಜಿಳಿಸುವ ಬಿರುಸು ವ್ಯಾಯಾಮ: ಅರ್ಧಶಕ್ತಿಯ ಮಿತಿ

ಪಾರ್ಶ್ವವಾಯು ಪೀಡಿತರು ನಾಟಿ ಔಷಧಿಯನ್ನರಸಿ ಅಂಕೋಲೆಯ ಬೆಳಂಬಾರಕ್ಕೆ ಬರುವುದು ಸದ್ಭಕ್ತರಿಗೆ ತಿಳಿದದ್ದೇ. ಆ ವ್ಯಾಧಿಯ ಹಿಂದೆ ಬಹುಮಟ್ಟಿಗೆ ರಕ್ತದೊತ್ತಡವಿರುತ್ತದೆ, ಸ್ಥೌಲ್ಯವೂ ಜೊತೆಗೂಡುವುದುಂಟು. ಬೊಜ್ಜಿಗೆಂದು ಈಗ ಹಲವರು ‘ಇಂಟರ್‌ವಲ್’ ವ್ಯಾಯಾಮ ಹಿಡಿದಿದ್ದಾರೆ: ಕ್ಷಣಕಾಲ ತೀವ್ರ ಶ್ರಮ, ವಿರಾಮ, ಪುನಃ ಶ್ರಮ. ಜಪಾನಿನ ತಬಾತಾ 1996ರಲ್ಲಿ ಪ್ರಕಟಿಸಿದ ಕ್ರಮದಲ್ಲಿ 20 ಸೆಕೆಂಡು ಶ್ರಮ, 10 ಸೆಕೆಂಡು ವಿಶ್ರಾಂತಿ. ಅಲ್ಲಿ ಅಳೆದದ್ದು ತರುಣರ ದೇಹಸಾಮರ್ಥ್ಯವನ್ನು, ಬೊಜ್ಜನ್ನಲ್ಲ!

ಮೇದಸ್ಸು ಇಳಿಸುವುದರಲ್ಲಿ ಇದೂ ದೀರ್ಘ ನಡಿಗೆಯೂ ಹೆಚ್ಚುಕಡಿಮೆ ಸಮಾನ, ಉಳಿಯುವುದು ಸಮಯ. ಶ್ರಮಿಸಿದೆವೆಂದು ಎರಡು ಬನ್ಸ್ ಹೆಚ್ಚು ತಿಂದರೆ ಗಳಿಸಿದ್ದೆಲ್ಲ ಹೋಯಿತು. ಸ್ಥೂಲರಿಗೆ ಚರಕರು ವಿಧಿಸಿದ್ದು ಹೊಟ್ಟೆ ತುಂಬಿಸಿಯೂ ಕೊಬ್ಬಿಸದ ಹುರುಳಿ, ಹೆಸರು, ನವಣೆಗಳನ್ನು.

ವ್ಯಾಯಾಮಕ್ಕೆ ಆಯುರ್ವೇದದ ಮಿತಿ ಅರ್ಧಶಕ್ತಿ. ಉಸಿರು ಬಾಯಿಗೆ ಬಂದೊಡನೆ ನಿಲ್ಲಿಸಬೇಕೆಂಬುದು ಸುಶ್ರುತರ ಲಕ್ಷಣ. ಆದ್ದರಿಂದ ನಲವತ್ತು ದಾಟಿದವರಿಗೆ ನಾವು ಓಟ ಹೇಳುವುದಿಲ್ಲ. ಕಡಲದಂಡೆಯ ಗಟ್ಟಿ ಮರಳಿನಲ್ಲಿ ಒಂದು ನಿಮಿಷ ಬಿರುಸು ನಡಿಗೆ, ಎರಡು ನಿಮಿಷ ಮೆಲ್ಲನಡಿಗೆ. ಹೀಗೆ ಆರು ಸುತ್ತು, ವಾರಕ್ಕೆ ಮೂರು ದಿನ. ಬೇಸಿಗೆಯಲ್ಲಿ ಇನ್ನೂ ಕಡಿಮೆ. ರಕ್ತದೊತ್ತಡ ಪರೀಕ್ಷಿಸಿಕೊಳ್ಳದೆ ಆರಂಭಿಸಕೂಡದು.

ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಬೆಳಂಬಾರಕ್ಕೂ ಬೇಡ, ನಮ್ಮಲ್ಲಿಗೂ ಬೇಡ. ನೇರವಾಗಿ ದೊಡ್ಡ ಆಸ್ಪತ್ರೆಗೆ ಧಾವಿಸಿರಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ.